ವಾಜಿರ್‌ನ ಶಾಂತಿ ಸಮಿತಿ: ಐದಕ್ಕೆ ನಾಲ್ಕು

ಊರ ಹಿರಿಯರು ಕೂತು ರಾಜಿ ಮಾಡಿಸುವುದೂ ಒಂದು ಸೇವೆಯೇ ಅಲ್ವಾ? ಜನಕ್ಕೆ ಕೈಗೆಟುಕುತ್ತದಾ, ಬೇಗ ಮುಗಿಯುತ್ತದಾ, ಎರಡೂ ಕಡೆಯವರು ಒಪ್ಪುತ್ತಾರಾ ಅಂತ ನೋಡಿದರೆ, ಈಶಾನ್ಯ ಕೀನ್ಯಾದ ವಾಜಿರ್‌ನ ಶಾಂತಿ ಸಮಿತಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ.

1990ರ ದಶಕದ ಶುರುವಿನಲ್ಲಿ ಅಲ್ಲಿ ಬರ ಬಿದ್ದು ದನ, ಒಂಟೆಗಳು ಸತ್ತವು. ಪಕ್ಕದ ಸೊಮಾಲಿಯಾದಲ್ಲಿ ಸರ್ಕಾರವೇ ಕುಸಿದಿತ್ತು, ಬಂದೂಕು ಸಲೀಸಾಗಿ ಸಿಗುತ್ತಿತ್ತು. ದೆಗೋದಿಯಾ, ಅಜುರಾನ್, ಒಗಾಡೆನ್ ಕುಲಗಳು ಹೊಡೆದಾಡಿದವು. ಜಗಳ ಮಾರುಕಟ್ಟೆಗೂ ಬಂತು, ಒಂದು ಕುಲದ ಹೆಂಗಸರು ಇನ್ನೊಂದು ಕುಲದವರ ಹತ್ತಿರ ಸಾಮಾನು ಕೊಳ್ಳುವುದನ್ನೇ ಬಿಟ್ಟರು. ಡೆಖಾ ಇಬ್ರಾಹಿಂ ಅಬ್ದಿ ಅನ್ನುವ ವಾಜಿರ್‌ನ ಹೆಂಗಸು ಮತ್ತು ಜೊತೆಯ ಹೆಂಗಸರು ಮೊದಲು ಕೈ ಹಾಕಿದ್ದು ಅಲ್ಲಿಗೇ. ಯಾವ ಕುಲದವರಾದರೂ ಕೊಳ್ಳಬಹುದು, ಮಾರಬಹುದು ಅಂತ ಗೊತ್ತುಮಾಡಿ, ಸುಮ್ನೆ ಮಾತಿಗೆ ಬಿಡದೆ ದಿನಾ ನೋಡಿಕೊಳ್ಳಲು ಒಂದು ಗುಂಪನ್ನೂ ಇಟ್ಟರು. ದೂರು ಬಂದರೆ ಅಲ್ಲೇ, ಆಗಲೇ ಬಗೆಹರಿಸುತ್ತಿದ್ದರು. ನನಗೆ ಜಾಸ್ತಿ ಹಿಡಿಸಿದ್ದು ಇದೇ.

ಆಮೇಲೆ ಹಿರಿಯರನ್ನು ಸೇರಿಸಿದರು. ಮೊದಲ ಸಭೆ ನಡೆಸಿಕೊಡಲು, ಜಗಳದಲ್ಲಿ ಇಲ್ಲದ ಒಂದು ಸಣ್ಣ ಕುಲದ ಹಿರಿಯರನ್ನು ಕರೆದರು. ದೊಡ್ಡ ಕುಲದವರು ಕರೆದಿದ್ದರೆ ಎದುರಿನವರು ಬರುತ್ತಿದ್ದರಾ? 1993ರಲ್ಲಿ ಜಗಳ ನಿಲ್ಲಿಸಲು ಹಿರಿಯರು ಒಪ್ಪಿದ ಅಲ್ ಫತಾ ಒಪ್ಪಂದವಾಯಿತು. 1995ರಲ್ಲಿ ಹಿರಿಯರು, ಹೆಂಗಸರು, ಹುಡುಗರು, ಅಧಿಕಾರಿಗಳು ಎಲ್ಲ ಸೇರಿ ಸಮಿತಿ ಕಟ್ಟಿದರು. ಎಲ್ಲಾದರೂ ಜಗಳದ ಸುಳಿವು ಸಿಕ್ಕರೆ ಕೆಲವರು ಕೂಡಲೇ ಅಲ್ಲಿಗೆ ಹೊರಡುತ್ತಾರೆ, ಸೇಡು ತೀರಿಸಿಕೊಳ್ಳೋಕೆ ಯಾರೂ ಹೊರಡೋ ಮೊದಲೇ. ಕೋರ್ಟಿನಿಂದ ಆ ವೇಗ ಸಾಧ್ಯವೇ ಇಲ್ಲ.

ಒಂದು ಅಂಕ ಕಡಿಮೆ ಮಾಡಿದ್ದು ಕೊಲೆಗೆ ಕೊಡುವ ಪರಿಹಾರದ ಲೆಕ್ಕಕ್ಕೆ. ಆ ಭಾಗದ ಜಿಲ್ಲೆಗಳ ಹಿರಿಯರು 2001ರಲ್ಲಿ ಒಪ್ಪಿದ ಮೊದೊಗಾಶೆ ಘೋಷಣೆಯ ಪ್ರಕಾರ, ಗಂಡಸನ್ನು ಕೊಂದರೆ 100 ಒಂಟೆ, ಹೆಂಗಸನ್ನು ಕೊಂದರೆ 50. ಪರಿಹಾರವನ್ನು ಕೊಂದವನ ಇಡೀ ಕುಲ ಸೇರಿ ಕಟ್ಟುವುದರಿಂದ ಕುಲದವರೇ ತಮ್ಮ ಹುಡುಗರನ್ನು ಹಿಡಿದಿಡುತ್ತಾರೆ ಅನ್ನುವುದು ಒಪ್ಪತಕ್ಕ ಮಾತು. ಆದರೆ ವಾಜಿರ್‌ನಲ್ಲಿ ಶಾಂತಿಯ ಕೆಲಸ ಶುರುಮಾಡಿದ್ದೇ ಹೆಂಗಸರು. ಅವರ ಜೀವಕ್ಕೆ ಅರ್ಧ ಬೆಲೆ ಅಂದರೆ ನನಗೆ ಸಿಟ್ಟು ಬರುತ್ತದೆ. ಕೀನ್ಯಾದ 2010ರ ಸಂವಿಧಾನ, 159ನೇ ವಿಧಿಯಲ್ಲಿ, ಸಂಪ್ರದಾಯದ ರಾಜಿಗೆ ಜಾಗ ಕೊಟ್ಟಿದೆ, ಮೂಲಭೂತ ಹಕ್ಕುಗಳಿಗೆ ಧಕ್ಕೆ ಬರಬಾರದು ಅಂತಲೂ ಹೇಳಿದೆ. ಕೋರ್ಟು ಹೇಳುವವರೆಗೆ ಕಾಯದೆ ಹಿರಿಯರೇ ಕೂತು ಈ ಲೆಕ್ಕ ಬದಲಾಯಿಸಲಿ, ಆ ಸಭೆಯಲ್ಲಿ ಹೆಂಗಸರೂ ಇರಲಿ. ಅವತ್ತು ಐದಕ್ಕೆ ಐದು ಕೊಡುತ್ತೇನೆ.