ಚಿರೆಕಲ್ಲಿನ ಗೋಡೆಯೊಳಗೆ ಸ್ಪೀಕರ್ ಕೂರಿಸುವ ಮುಂಚೆ ಇದನ್ನೊಮ್ಮೆ ಓದಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಯಾರಾದರೂ ಗೋಡೆಯೊಳಗೆ ಹುದುಗಿಸುವ ಸ್ಪೀಕರ್ ಹಾಕಿಸಲು ಹೊರಟಿದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ಐದು ನಿಮಿಷ ಕೊಡಿ. ನಾನು 68 ಸಾವಿರ ರೂಪಾಯಿ ಗೋಡೆಗೆ ಸುರಿದಿದ್ದೇನೆ. ಕೊನೆಗೆ ಸಿಕ್ಕಿದ್ದು ನಾಲ್ಕು ತೂತು.

ನಮ್ಮದು ಕಾರವಾರದ ಕೋಡಿಬಾಗದ ಕಡೆ ಅಪ್ಪ ಕಟ್ಟಿಸಿದ ಮನೆ. ಪೂರ್ತಿ ಚಿರೆಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ಹಾಲ್ ರಿಪೇರಿಗೆ ತೆಗೆದಾಗ ನನಗೆ ಈ ಹುಚ್ಚು ಹತ್ತಿತು. ಗೋಡೆಯಲ್ಲಿ ಬಿಳಿ ಜಾಲರಿ ಮಾತ್ರ ಕಾಣಬೇಕು, ಕಾಲಿಗೆ ವೈರ್ ತೊಡರಬಾರದು, ಅಪ್ಪ ಜೋಡಿಸಿಟ್ಟ ಯಕ್ಷಗಾನದ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಂಡು ಗಮ್ಮತ್ತಾಗಿ ಕೇಳಬೇಕು, ಇಷ್ಟೇ ಆಸೆ. ಅಮ್ಮ ಒಂದೇ ಮಾತು ಹೇಳಿದಳು: "ಹಾಡು ಕೇಳೋಕೆ ಗೋಡೆ ಯಾಕೆ ಒಡೀಬೇಕು?" ನಾನು ನಕ್ಕುಬಿಟ್ಟೆ.

ಕೆಲಸ ಹಿಡಿದವನು ಹೊರಗಿನವನು. ಹೆಸರು ಬೇಡ ಬಿಡಿ. ಮೊಬೈಲಿನಲ್ಲಿ ಚಂದದ ಫೋಟೋ ತೋರಿಸಿದ. ಎಲ್ಲವೂ ದೊಡ್ಡ ಊರಿನ ಫ್ಲಾಟ್‌ಗಳು, ಎಲ್ಲವೂ ಜಿಪ್ಸಂ ಬೋರ್ಡಿನ ಗೋಡೆಗಳು. ಒಂದೇ ಒಂದು ಕಲ್ಲಿನ ಗೋಡೆ ಅದರಲ್ಲಿ ಇರಲಿಲ್ಲ ಅನ್ನುವುದು ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ.

ಈ ಸ್ಪೀಕರ್‌ಗಳನ್ನು ಮಾಡುವುದೇ ಪೊಳ್ಳು ಗೋಡೆಗೆ. ಅಮೆರಿಕದ ಕಡೆ ಮರದ ಪಟ್ಟಿ ನಿಲ್ಲಿಸಿ ಎರಡೂ ಬದಿಗೆ ಬೋರ್ಡ್ ಹೊಡೆಯುತ್ತಾರೆ. ನಡುವೆ ಸುಮಾರು ಮೂರೂವರೆ ಇಂಚು ಖಾಲಿ ಇರುತ್ತದೆ. ಸ್ಪೀಕರಿನ ಸ್ಕ್ರೂ ತಿರುಗಿಸಿದರೆ ಹಿಂದಿನ ಪ್ಲಾಸ್ಟಿಕ್ ಕಿವಿಗಳು ಹೊರಳಿ ಬೋರ್ಡನ್ನು ಹಿಂದಿನಿಂದ ಕಚ್ಚಿ ಹಿಡಿಯುತ್ತವೆ. ಮತ್ತೆ ಆ ಖಾಲಿ ಜಾಗದ ಗಾಳಿಯೇ ಸ್ಪೀಕರಿಗೆ ಡಬ್ಬ ಇದ್ದ ಹಾಗೆ. ಅದು ಸಾಕಷ್ಟು ಇದ್ದರೆ ಮಾತ್ರ ಬೇಸ್, ಅಂದರೆ ತಗ್ಗಿನ ಗಡಸು ಸದ್ದು, ಸರಿ ಬರುತ್ತದೆ. ಚಿರೆಕಲ್ಲಿನಲ್ಲಿ ಆ ಕಿವಿಗಳು ಕಚ್ಚುವುದು ಏನನ್ನು? ಗಾಳಿ ಎಲ್ಲಿಂದ ಬರಬೇಕು?

ಅವನು ಕಟರ್ ಹಿಡಿದು ಕೂತ. ಮೂರು ದಿನ ಮನೆಯೆಲ್ಲ ಕೆಂಪು ಧೂಳು, ಅನ್ನದಲ್ಲೂ ಧೂಳು. ಚಿರೆಕಲ್ಲನ್ನು ಅಳತೆಗೆ ಸರಿಯಾಗಿ ಕೊರೆಯುವುದು ಸುಲಭ ಅಲ್ಲ, ಮೂಲೆ ಉದುರುತ್ತದೆ. ಆರೂವರೆ ಇಂಚಿನ ಸ್ಪೀಕರಿಗೆ ತೆಗೆದ ತೂತು ಒಂದು ಅಡಿ ದಾಟಿತು. ಆಮೇಲೆ ಅದನ್ನೇ ಸಿಮೆಂಟ್ ಮೆತ್ತಿ ಚಿಕ್ಕದು ಮಾಡಿದ, ಒಳಗೆ ಮರದ ಚೌಕಟ್ಟು ತುರುಕಿದ, ಸುತ್ತ ಸಿಲಿಕೋನ್ ಬಳಿದ. ನೋಡಲು ಚಂದವೇ ಇತ್ತು, ಸುಳ್ಳು ಹೇಳಬಾರದು. ಹಾಕಿ ಕೇಳಿದರೆ ಮದ್ದಳೆ ಸೀಮೆಎಣ್ಣೆ ಡಬ್ಬ ಬಡಿದ ಹಾಗೆ ಕೇಳುತ್ತಿತ್ತು. ಅಷ್ಟೇ ಅಲ್ಲ, ನೋಟ ಚೆನ್ನಾಗಿರುತ್ತದೆ ಅಂತ ಎಲ್ಲವನ್ನೂ ಆರಡಿ ಎತ್ತರಕ್ಕೆ ಕೂರಿಸಿದ್ದ. ಟ್ವೀಟರ್, ಅಂದರೆ ಸ್ಪೀಕರಿನಲ್ಲಿ ಏರುಸ್ವರ ಹೊರಡಿಸುವ ಚಿಕ್ಕ ಭಾಗ, ಇರಬೇಕಾದದ್ದು ಕೂತವರ ಕಿವಿಯ ಮಟ್ಟಕ್ಕೆ, ಅಂದರೆ ಮೂರು ಮೂರೂವರೆ ಅಡಿ. ನಮ್ಮನೆಯಲ್ಲಿ ಭಾಗವತರು ಅಟ್ಟದ ಮೇಲೆ ಕೂತು ಹಾಡಿದ ಹಾಗಿತ್ತು.

ಅದನ್ನೂ ಸಹಿಸಿಕೊಂಡೆ. ಆಮೇಲೆ ಜೂನ್ ಬಂತು.

ಇಲ್ಲಿನ ಮಳೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಚಿರೆಕಲ್ಲಿನ ತುಂಬ ಸಣ್ಣ ಸಣ್ಣ ರಂಧ್ರ, ನೀರು ಕುಡಿಯುವ ಕಲ್ಲು ಅದು. ಅಪ್ಪ ಇರುವಾಗ ಮಳೆಗಾಲಕ್ಕೆ ಮುಂಚೆ ಪಡುವಣ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿಸುತ್ತಿದ್ದರು, ಗೋಡೆ ನೆನೆಯಬಾರದು ಅಂತ. ನಾವು ತಟ್ಟಿ ಬಿಟ್ಟು ಪೇಂಟ್ ನಂಬಿಕೊಂಡೆವು. ನಾನು ಅದಕ್ಕೂ ಮುಂದೆ ಹೋಗಿ ಅದೇ ಪಡುವಣ ಗೋಡೆಯಲ್ಲಿ, ಒಂಬತ್ತು ಇಂಚಿನ ಕಲ್ಲನ್ನು ನಾಲ್ಕೈದು ಇಂಚು ಕೆತ್ತಿಸಿ, ಸ್ಪೀಕರ್ ಇಡಿಸಿದ್ದೆ! ಜುಲೈ ಅರ್ಧಕ್ಕೆ ಬರುವಾಗ ಜಾಲರಿಯ ಸುತ್ತ ಕಂದು ಕಲೆ. ಹತ್ತು ದಿನ ಬಿಟ್ಟು ಒಂದರಿಂದ ಗರಗರ ಸದ್ದು. ಬಿಚ್ಚಿ ನೋಡಿದರೆ ಸದ್ದು ಹೊರಡಿಸುವ ಕಾಗದದ ಕೋನ್ ನೆನೆದ ಹಪ್ಪಳದ ಹಾಗೆ ಮೆತ್ತಗಾಗಿದೆ, ಅಂಚಿನ ಫೋಮ್ ಬೆರಳು ಮುಟ್ಟಿದರೆ ಉದುರುತ್ತದೆ, ಚೌಕಟ್ಟಿನ ಹಿಂದೆ ಇರುವೆಗಳ ಸಂಸಾರ. ಹಿಂದಿನ ತಗಡೆಲ್ಲ ತುಕ್ಕು.

ಚೌತಿ ದಿನ ಪೂರ್ತಿ ಮರ್ಯಾದೆ ಹೋಯಿತು. ಮನೆ ತುಂಬ ಜನ, ಭಜನೆ ಹಾಕಿ ಸ್ವಲ್ಪ ಜೋರು ಮಾಡಿದೆ. ಆಂಪ್ಲಿಫೈಯರ್ ಟಕ್ ಅಂತ ಆಫ್. ಮತ್ತೆ ಹಾಕಿದೆ, ಮತ್ತೆ ಆಫ್. ಆಮೇಲೆ ಗೊತ್ತಾದದ್ದು ಏನೆಂದರೆ ಹಾಲಿನದೂ ಊಟದ ಕೋಣೆಯದೂ ಸ್ಪೀಕರ್‌ಗಳನ್ನು ಪ್ಯಾರಲಲ್ ಆಗಿ ಒಂದೇ ಔಟ್‌ಪುಟ್ಟಿಗೆ ಸೇರಿಸಿದ್ದ. ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ, ಅದು ಕಡಿಮೆಯಾದಷ್ಟೂ ಆಂಪ್ಲಿಫೈಯರಿಗೆ ಹೊರೆ ಜಾಸ್ತಿ. ಎಂಟು ಓಮಿನ ಎರಡು ಹೀಗೆ ಸೇರಿದರೆ ನಾಲ್ಕು ಓಮ್ ಆಗುತ್ತದೆ. ನನ್ನ ಆಂಪ್ಲಿಫೈಯರಿನ ಬೆನ್ನ ಮೇಲೆ ಕನಿಷ್ಠ ಆರು ಓಮ್ ಅಂತ ಬರೆದೇ ಇತ್ತು. ಅವನೂ ಓದಲಿಲ್ಲ, ನಾನೂ ಓದಲಿಲ್ಲ.

ಫೋನ್ ಮಾಡಿದರೆ ನಾಳೆ, ನಾಡಿದ್ದು, ಮಳೆ ನಿಲ್ಲಲಿ ಅಂದ. ಮಳೆ ನಿಂತಿತು, ಫೋನೂ ನಿಂತಿತು.

ಕೊನೆಗೆ ಬೈತಖೋಲದಲ್ಲಿ ಮೀನುಗಾರಿಕೆ ಬೋಟುಗಳ ವೈರಿಂಗ್ ಮಾಡುವ ಪರಿಚಯದವರನ್ನು ಕರೆದೆ. ಅವರು ಸ್ಪೀಕರ್ ಕಡೆ ನೋಡಲೇ ಇಲ್ಲ, ಮೊದಲು ವೈರ್ ತುದಿ ಹಿಡಿದು ಚಾಕುವಿನಿಂದ ಕೆರೆದರು. ಮೇಲೆ ತಾಮ್ರದ ಬಣ್ಣ, ಒಳಗೆ ಬಿಳಿ. ಅಂದರೆ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ. ಬಿಲ್ಲಿನಲ್ಲಿ ಶುದ್ಧ ತಾಮ್ರ ಅಂತಲೇ ಇತ್ತು! ಉಪ್ಪುಗಾಳಿಗೆ ಜೋಡಣೆಯ ತುದಿಗಳೆಲ್ಲ ಬಿಳಿ ಪುಡಿ, ಹಸಿರು ಪುಡಿ ಹಿಡಿದಿದ್ದವು. ಬೋಟಿನಲ್ಲಿ ಅವರು ಹಾಕುವುದು ತವರ ಲೇಪಿಸಿದ ತಾಮ್ರ. ಅದು ಹೊರಗೆ ಬಿಳಿ, ಕೆರೆದರೆ ಕೆಂಪು. ನಮ್ಮದು ಸರಿಯಾಗಿ ತಿರುವುಮುರುವು.

ಅದಕ್ಕಿಂತ ಕೆಟ್ಟದ್ದು ಪೈಪಿನೊಳಗಿತ್ತು. 230 ವೋಲ್ಟಿನ ಲೈನೂ ಸ್ಪೀಕರ್ ವೈರೂ ಸಬ್‌ವೂಫರಿನ (ಬೇಸ್ ಸದ್ದಿಗೆಂದೇ ಇಡುವ ಬೇರೆ ಸ್ಪೀಕರ್) ಕೇಬಲ್ಲೂ ಒಂದೇ ಪೈಪಿನಲ್ಲಿ. ಮೊದಲ ದಿನದಿಂದ ಸಬ್‌ವೂಫರ್ ಯಾಕೆ ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತಿತ್ತು ಅಂತ ಆಗ ಅರ್ಥ ಆಯಿತು. ಸಿಗ್ನಲ್ ಕೇಬಲ್ ಕರೆಂಟಿನ ಪಕ್ಕ ಉದ್ದಕ್ಕೆ ಓಡಿದರೆ ಆ 50 ಹರ್ಟ್ಸ್ ಸದ್ದನ್ನು ಎಳೆದುಕೊಳ್ಳಬಹುದು. ಸದ್ದು ಹಾಳಾಗಲಿ. ಒದ್ದೆ ಗೋಡೆಯಲ್ಲಿ ಎಲ್ಲಾದರೂ ಲೈನಿನ ಸಿಪ್ಪೆ ಸುಲಿದಿದ್ದರೆ ಸ್ಪೀಕರ್ ತಗಡಿಗೇ ಕರೆಂಟ್ ಬರುತ್ತಿತ್ತು. ತಂಗಿಯ ಮಗ ದಿನಾ ಆ ಜಾಲರಿ ಮೇಲೆ ಕೈ ಇಟ್ಟು "ಡುಂ ಡುಂ" ಅಂತ ಆಡುತ್ತಿದ್ದ. ಅದು ನೆನಪಾದರೆ ಈಗಲೂ ಮೈ ಜುಂ ಅನ್ನುತ್ತದೆ.

ಹಾಕಿಸಲೇಬೇಕು ಅನ್ನುವವರಿಗೆ ಒಂದೆರಡು ಮಾತು. ಹೊರಗೋಡೆ ಬೇಡ, ಪಡುವಣದ್ದಂತೂ ಬೇಡವೇ ಬೇಡ. ಒಳಗಿನ ಗೋಡೆಯ ಮುಂದೆ ಕಬ್ಬಿಣದ ಚಾನೆಲ್ ನಿಲ್ಲಿಸಿ ಬೋರ್ಡ್ ಹೊಡೆಸಿ, ಕೋಣೆ ನಾಲ್ಕು ಇಂಚು ಚಿಕ್ಕದಾದರೂ ಆಗಲಿ, ಅದರಲ್ಲಿ ಹಿಂಬದಿ ಮುಚ್ಚಿದ ಡಬ್ಬ ಇಟ್ಟು ಕೂರಿಸಿ. ಆ ಗೋಡೆಯ ಆಚೆ ಯಾರು ಮಲಗುತ್ತಾರೆ ಅಂತಲೂ ನೋಡಿಕೊಳ್ಳಿ. ಕೋನ್ ಪಾಲಿಪ್ರೊಪಿಲೀನ್, ಅಂಚು ರಬ್ಬರ್ ಇರಲಿ. ವೈರನ್ನು ನಿಮ್ಮ ಕೈಯಿಂದ ಕೆರೆದು ನೋಡಿ, ನಾಚಿಕೆ ಬೇಡ. ಸ್ಪೀಕರ್ ವೈರಿಗೆ ಬೇರೆ ಪೈಪ್, ಅದರೊಳಗೆ ಒಂದು ದಾರ ಬಿಟ್ಟಿರಲಿ, ನಾಳೆ ವೈರ್ ಬದಲಿಸಲು ಬೇಕಾಗುತ್ತದೆ. ಪ್ಲಾಸ್ಟರ್ ಮುಚ್ಚುವ ಮುಂಚೆ ವೈರ್ ಹೋದ ಜಾಗಕ್ಕೆ ಅಳತೆ ಟೇಪ್ ಹಿಡಿದು ಫೋಟೋ ತೆಗೆಯಿರಿ, ಒಂದು ದಿನ ಪೂರ್ತಿ ಹಾಡು ಹಾಕಿ ಬಿಡಿ. ಒಂದರ ಪ್ಲಸ್ ಮೈನಸ್ ತಿರುವಾಗಿದ್ದರೆ ಎರಡು ಸ್ಪೀಕರ್ ಒಂದಕ್ಕೊಂದು ಜಗಳ ಆಡಿ ಬೇಸ್ ನುಂಗುತ್ತವೆ. ಪೆನ್‌ಟಾರ್ಚಿನ ಒಂದೂವರೆ ವೋಲ್ಟ್ ಸೆಲ್ಲನ್ನು ವೈರಿಗೆ ಒಂದು ಕ್ಷಣ ಮುಟ್ಟಿಸಿದರೆ, ಎರಡರ ಕೋನೂ ಒಂದೇ ದಿಕ್ಕಿಗೆ ಹಾರಬೇಕು. ಮತ್ತೆ ದುಡ್ಡಿನ ಕಾಲು ಭಾಗ ಒಂದು ಮಳೆಗಾಲ ಕಳೆದ ಮೇಲೆ ಕೊಡುತ್ತೇನೆ ಅಂತ ಮೊದಲೇ ಹೇಳಿ. ಒಪ್ಪದಿದ್ದರೆ ಕಳಿಸಿಬಿಡಿ.

ನಾನು ಈಗ ಮೇಜಿನ ಮೇಲಿಡುವ ಎರಡು ಮಾಮೂಲಿ ಸ್ಪೀಕರ್ ತಂದಿದ್ದೇನೆ. ವೈರ್ ಕಾಲಿಗೆ ಸಿಗುತ್ತದೆ, ಮದ್ದಳೆ ಮದ್ದಳೆಯ ಹಾಗೆ ಕೇಳುತ್ತದೆ. ಪಡುವಣ ಗೋಡೆಯ ಎರಡು ತೂತಿಗೆ ಕಲ್ಲು ತುಂಬಿಸಿ ಗಾರೆ ಹಾಕಿಸಿದ್ದಾಯಿತು. ಊಟದ ಕೋಣೆಯ ಒಂದರ ಮೇಲೆ ಕ್ಯಾಲೆಂಡರ್ ತೂಗುತ್ತಿದೆ. ಇನ್ನೊಂದಕ್ಕೆ ಅಮ್ಮ ಸುಣ್ಣ ಬಳಿಸಿ ದೀಪದ ಗೂಡು ಮಾಡಿಕೊಂಡಿದ್ದಾಳೆ. ಬಂದವರಿಗೆಲ್ಲ, "ಇದು ನಮ್ಮ ಮಗ ಹದಿನೇಳು ಸಾವಿರ ಕೊಟ್ಟು ಮಾಡಿಸಿದ ಗೂಡು" ಅಂತ ತೋರಿಸುತ್ತಾಳೆ.