ಡಾಟ್ ಕಾಫಿಗೆ ವರ್ಷಕ್ಕೆ ನಾಲ್ಕು ಸಾವಿರ, ಕಟ್ಟೋದಾ ಬಿಡೋದಾ?

ಮೊನ್ನೆ ಮತ್ತೆ ಆ ಮೇಲ್ ಬಂತು. ಇನ್ನು 30 ದಿನಕ್ಕೆ ನಿಮ್ಮ ಡೊಮೇನ್ ಅವಧಿ ಮುಗಿಯುತ್ತದೆ, ಕೂಡಲೇ ರಿನ್ಯೂ ಮಾಡಿ. ಕೆಳಗೆ ಮೊತ್ತ, 18 ಪರ್ಸೆಂಟ್ ಜಿಎಸ್‌ಟಿ ಸೇರಿ 3,940 ರೂಪಾಯಿ. ಡೊಮೇನ್ ಅಂದರೆ ವೆಬ್‌ಸೈಟಿನ ಹೆಸರು. ಇದು ನಮ್ಮ ಭಾವನ ಕಾಫಿಪುಡಿಯದ್ದು, ಕೊನೆಗೆ ಡಾಟ್ ಕಾಮ್ ಬದಲು ಡಾಟ್ ಕಾಫಿ ಅಂತಿದೆ. 2019ರಲ್ಲಿ ತಗೊಂಡಾಗ ಮೊದಲ ವರ್ಷಕ್ಕೆ ಕೊಟ್ಟಿದ್ದು 700 ಚಿಲ್ಲರೆ. ಎರಡನೇ ವರ್ಷ 1,900 ಆಯಿತು. ಆಮೇಲೆ ಏರಿ ಏರಿ ಇಲ್ಲಿಗೆ ಬಂದು ನಿಂತಿದೆ. ತಪ್ಪು ನನ್ನದೇ. ಆಫರ್ ದರ ನೋಡಿದ್ದೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿದ್ದ ರಿನ್ಯೂವಲ್ ದರ ನೋಡಿರಲಿಲ್ಲ.

ನಮ್ಮ ಮನೆಯ ಡೊಮೇನ್ ಶಾನುಭೋಗಿಕೆ ನನ್ನ ತಲೆಗೇ ಬಿದ್ದಿದೆ. ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ ಅಂದಮೇಲೆ ಇದೆಲ್ಲ ಇವನೇ ನೋಡ್ಕೋಬೇಕು ಅಂತ ಊರಲ್ಲಿ ತೀರ್ಮಾನ. ಸದ್ಯ ಕೈಯಲ್ಲಿರುವುದು ಐದು: ನನ್ನ ಹೆಸರಿನ ಡಾಟ್ ಕಾಮ್, ಊರಿನ ಹಳೇ ಫೋಟೋಗಳಿಗೆ ಒಂದು ಡಾಟ್ ಇನ್, ಯಾವತ್ತೋ ಆ್ಯಪ್ ಮಾಡುವ ಹುರುಪಿನಲ್ಲಿ ತಗೊಂಡ ಡಾಟ್ ಐಒ, ಭಾವನ ಡಾಟ್ ಕಾಫಿ, ಅದೇ ಕಾಫಿಗೆ ಕನ್ನಡ ಲಿಪಿಯಲ್ಲೇ ಬರೆಯುವ ಡಾಟ್ ಭಾರತ. ಈ ಸಲ ಐದಕ್ಕೂ ಕೂತು ಲೆಕ್ಕ ಹಾಕಿದೆ. ಬೇರೆಯವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಊರಿಗೆ ಹೋದಾಗ ಊಟಕ್ಕೆ ಕೂತಿದ್ದೆವು, ವಿಷಯ ತೆಗೆದೆ.

"ಎಷ್ಟು ಅಂದೆ?"

"ಮೂರು ಸಾವಿರದ ಒಂಬೈನೂರ ನಲವತ್ತು, ಭಾವ."

"ಹೆಸರಿಗಾ? ಬರೀ ಹೆಸರಿಗಾ? ಅಷ್ಟಕ್ಕೆ ಎರಡು ಮೂಟೆ ಗೊಬ್ಬರ ಬರುತ್ತಲ್ಲೋ."

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಯಾಕೆ ಇಷ್ಟಾಗುತ್ತದೆ ಅಂತ ಅವರಿಗೆ ಹೇಳೋದಕ್ಕೆ ಹೊರಟಾಗಲೇ ನನಗೂ ಸರಿಯಾಗಿ ಅರ್ಥ ಆಗಿದ್ದು. ಇಲ್ಲಿ ಇಬ್ಬರಿದ್ದಾರೆ. ಒಂದು ಎಕ್ಸ್‌ಟೆನ್ಶನ್‌ಗೆ, ಅಂದರೆ ಡಾಟ್ ಆದಮೇಲೆ ಬರುವ ಕಾಮ್, ಇನ್, ಕಾಫಿಯಂಥ ಬಾಲಕ್ಕೆ, ಒಬ್ಬನೇ ಸಗಟು ವ್ಯಾಪಾರಿ, ಅವನು ರಿಜಿಸ್ಟ್ರಿ. ನಾವು ದುಡ್ಡು ಕಟ್ಟುವುದು ಚಿಲ್ಲರೆ ಅಂಗಡಿಗೆ, ಅದು ರಿಜಿಸ್ಟ್ರಾರ್. ಅಂಗಡಿ ಬೇಕಾದರೆ ಬದಲಾಯಿಸಬಹುದು, ಸಗಟಿನವನನ್ನು ಬದಲಾಯಿಸೋಕೆ ಆಗಲ್ಲ. ಡಾಟ್ ಕಾಮ್‌ನ ಸಗಟಿನವನು ವೆರಿಸೈನ್. ಅವನ ದರ 2021ರ ಆಗಸ್ಟ್‌ವರೆಗೆ 7.85 ಡಾಲರ್ ಇತ್ತು, ಸಾಲಾಗಿ ನಾಲ್ಕು ವರ್ಷ ಏರಿ 2024ರ ಸೆಪ್ಟೆಂಬರ್‌ಗೆ 10.26 ಆಯಿತು. ಅದರ ಮೇಲೆ ರೂಪಾಯಿ ಕಥೆ ಬೇರೆ, 73ರ ಆಸುಪಾಸಿನಲ್ಲಿದ್ದ ಡಾಲರ್ 2024ರ ಕೊನೆಗೆ 85 ದಾಟಿತ್ತು. ಆದರೂ ಡಾಟ್ ಕಾಮ್‌ಗೆ ಒಂದು ಲಗಾಮಿದೆ. ಒಪ್ಪಂದದ ಪ್ರಕಾರ ಆರು ವರ್ಷದಲ್ಲಿ ಮೊದಲ ಎರಡು ವರ್ಷ ಏರಿಸುವಂತಿಲ್ಲ, ಉಳಿದ ನಾಲ್ಕರಲ್ಲಿ ವರ್ಷಕ್ಕೆ 7 ಪರ್ಸೆಂಟ್ ದಾಟುವಂತಿಲ್ಲ.

ಡಾಟ್ ಕಾಫಿ ತರಹದ ಹೊಸ ಹೆಸರುಗಳಿಗೆ ಆ ಲಗಾಮೇ ಇಲ್ಲ. 2013ರ ಕೊನೆಯಿಂದ ಇಂಥವು ನೂರಾರು ಬಂದವು. ಇವಕ್ಕೆ ಎಷ್ಟು ಬೇಕಾದರೂ ಏರಿಸಬಹುದು. ಇರುವ ಷರತ್ತು ಇಷ್ಟೇ, ರಿನ್ಯೂವಲ್ ದರ ಏರಿಸುವ ಆರು ತಿಂಗಳು ಮೊದಲು ತಿಳಿಸಬೇಕು. ತಿಳಿಸುವುದು ಯಾರಿಗೆ? ಅಂಗಡಿಗೆ, ನಮಗಲ್ಲ! 2017ರಲ್ಲಿ ಯೂನಿರಿಜಿಸ್ಟ್ರಿ ಅನ್ನುವ ಕಂಪನಿ ತನ್ನ ಕೆಲವು ಎಕ್ಸ್‌ಟೆನ್ಶನ್‌ಗಳ ದರವನ್ನು ಒಂದೇ ಏಟಿಗೆ ಹಲವು ಪಟ್ಟು ಏರಿಸಿದಾಗ ಗೋಡ್ಯಾಡಿಯಂಥ ದೊಡ್ಡ ಅಂಗಡಿಯೇ ಅವನ್ನು ಹೊಸದಾಗಿ ಮಾರುವುದು ನಿಲ್ಲಿಸಿತ್ತು. ಒಂದು ಒಳ್ಳೆಯ ಮಾತೂ ಇದೆ. ದರ ಏರುವ ಮುಂಚೆ ಹಳೇ ದರದಲ್ಲೇ ಹತ್ತು ವರ್ಷದವರೆಗೆ ಮುಂಗಡ ಕಟ್ಟಿ ಹಾಕಬಹುದು. ಅಂಗಡಿಯವರು ಇದನ್ನು ಎದ್ದು ಕಾಣುವ ಹಾಗೆ ಹಾಕುವುದಿಲ್ಲ, ನಾವೇ ಹುಡುಕಿ ಒತ್ತಬೇಕು.

ಈಗ ಒಂದೊಂದಾಗಿ ಹೇಳುತ್ತೇನೆ.

ಡಾಟ್ ಕಾಮ್ ಬಗ್ಗೆ ಯೋಚನೆಯೇ ಇಲ್ಲ. ನನ್ನ ಮೇಲ್ ಎಲ್ಲ ಅದರಲ್ಲೇ ಇದೆ. ಐದು ಸ್ಟಾರ್‌ಗೆ ನಾಲ್ಕೂವರೆ.

ಡಾಟ್ ಇನ್ ನಮ್ಮ ದೇಶದ್ದೇ, ನಿಕ್ಸಿ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತದೆ, 2005ರಿಂದ ಯಾರು ಬೇಕಾದರೂ ತಗೊಳ್ಳಬಹುದು. ನನಗೆ ವರ್ಷಕ್ಕೆ 900ರ ಒಳಗೆ ಮುಗಿಯುತ್ತಿದೆ. ಒಂದೇ ಕಾಟ ಅಂದರೆ ತಗೊಂಡ ಮೂರನೇ ದಿನದಿಂದ "ಸಾರ್, ವೆಬ್‌ಸೈಟ್ ಮಾಡಿಸ್ತೀರಾ, ಲೋಗೋ ಮಾಡಿಸ್ತೀರಾ" ಅಂತ ಫೋನ್ ಶುರುವಾಗಿತ್ತು, ಸುಮಾರು ಎರಡು ವಾರ. ತಗೊಂಡವರ ಹೆಸರು ನಂಬರ್ ಬೇರೆಯವರಿಗೆ ಕಾಣದ ಹಾಗೆ ಮುಚ್ಚಿಡುವ ಸೌಲಭ್ಯ ಡಾಟ್ ಇನ್‌ಗೆ ಇರಲಿಲ್ಲ. ಅದೊಂದು ಬಿಟ್ಟರೆ ದುಡ್ಡಿಗೆ ಮೋಸ ಇಲ್ಲ. ನಾಲ್ಕು ಸ್ಟಾರ್.

ಡಾಟ್ ಐಒ ಬಿಟ್ಟೆ. ನಮ್ಮ ಸಾಫ್ಟ್‌ವೇರ್ ಜನ ಇನ್‌ಪುಟ್ ಔಟ್‌ಪುಟ್ ಅಂದುಕೊಂಡು ಮುಗಿಬಿದ್ದು ತಗೊಳ್ಳುವ ಹೆಸರು ಇದು, ಆದರೆ ನಿಜಕ್ಕೂ ಬ್ರಿಟಿಷರ ಹಿಂದೂ ಮಹಾಸಾಗರ ಪ್ರದೇಶದ ದೇಶ ಸಂಕೇತ. ಆ ಚಾಗೋಸ್ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಬ್ರಿಟನ್ 2025ರ ಮೇ ತಿಂಗಳಲ್ಲಿ ಸಹಿ ಹಾಕಿತು. ದೇಶ ಹೋದರೆ ಹೆಸರೂ ಹೋಗುತ್ತಾ ಅಂತ ಕೆಲವರಿಗೆ ಗಾಬರಿ. ಎರಡೂ ಉಂಟು. ಯುಗೊಸ್ಲಾವಿಯಾದ ಡಾಟ್ ವೈಯು 2010ರಲ್ಲಿ ಹೋಯಿತು. ಸೋವಿಯತ್ ಒಕ್ಕೂಟ ಒಡೆದು ಮೂವತ್ತು ವರ್ಷದ ಮೇಲಾಯಿತು, ಡಾಟ್ ಎಸ್‌ಯು ಇನ್ನೂ ಇದೆ. ನಾನು ಬಿಟ್ಟಿದ್ದು ಆ ಹೆದರಿಕೆಗಲ್ಲ. ಆ್ಯಪ್ ಆಗಲೇ ಇಲ್ಲ, ವರ್ಷಕ್ಕೆ ಐದು ಸಾವಿರ ಹೋಗುತ್ತಿತ್ತು, ಅಷ್ಟೇ. ಆದರೆ ಬಿಡುವ ಮೊದಲು ಒಂದು ಭಾನುವಾರ ಪೂರ್ತಿ ಕೂತು ಆ ಹೆಸರಿನ ಮೇಲ್ ಐಡಿ ಕೊಟ್ಟಿದ್ದ ಖಾತೆಗಳನ್ನೆಲ್ಲ ಹುಡುಕಿದೆ. ಹನ್ನೊಂದು ಸಿಕ್ಕವು. ಇದನ್ನು ಮಾತ್ರ ಮರೆಯಬೇಡಿ. ನೀವು ಬಿಟ್ಟ ಹೆಸರನ್ನು ನಾಳೆ ಯಾರು ಬೇಕಾದರೂ ತಗೊಂಡು ಅದೇ ಮೇಲ್ ಐಡಿ ಮಾಡಿಕೊಳ್ಳಬಹುದು. ಆಮೇಲೆ "ಪಾಸ್‌ವರ್ಡ್ ಮರೆತಿದ್ದೇನೆ" ಅಂತ ಒತ್ತಿದರೆ ಲಿಂಕ್ ಹೋಗುವುದು ಅವರಿಗೆ.

ಡಾಟ್ ಭಾರತದ ವಿಷಯ ಬಂದರೆ ಮಾತ್ರ ನನ್ನ ಲೆಕ್ಕ ತಪ್ಪುತ್ತದೆ. ಅಡ್ರೆಸ್ ಪೂರ್ತಿ ಕನ್ನಡದಲ್ಲಿ! ಮೊದಲ ಸಲ ಬ್ರೌಸರ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದಾಗ ಅಮ್ಮನನ್ನು ಕರೆದು ತೋರಿಸಿದ್ದೆ. ಆದರೆ ಇಂಟರ್ನೆಟ್ಟಿನ ಒಳಗಿನ ವ್ಯವಸ್ಥೆ ಇಂಗ್ಲಿಷ್ ಅಕ್ಷರವನ್ನೇ ನಂಬಿಕೊಂಡಿದೆ, ಕನ್ನಡದ ಹೆಸರನ್ನು ಅದು ಪ್ಯೂನಿಕೋಡ್ ಅಂತ ಒಂದಕ್ಕೆ ತಿರುಗಿಸಿಕೊಳ್ಳುತ್ತದೆ. ಹಾಗಾಗಿ ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಎಷ್ಟೋ ಸಲ ಎಕ್ಸ್‌ಎನ್ ಅಂತ ಶುರುವಾಗಿ ಎರಡು ಅಡ್ಡಗೆರೆ, ಮುಂದೆ ತಲೆಬುಡ ಇಲ್ಲದ ಅಕ್ಷರಗಳು. ಭಾವನ ಫೋನಿನಲ್ಲಿ ಮೆಸೇಜ್ ಕಳಿಸಿದರೆ ಅದು ನೀಲಿ ಲಿಂಕ್ ಆಗಲೇ ಇಲ್ಲ, ಸುಮ್ನೆ ಅಕ್ಷರವಾಗಿ ಕೂತಿತ್ತು. ಒಂದು ಕೊರಿಯರ್‌ನವರ ಫಾರಂನಲ್ಲಿ ಆ ಮೇಲ್ ಐಡಿ ಹಾಕಿದರೆ "ಸರಿಯಾದ ಇಮೇಲ್ ಕೊಡಿ" ಅಂತ ಕೆಂಪಕ್ಷರ. ಉಪಯೋಗಕ್ಕೆ ಒಂದು ಸ್ಟಾರ್. ಪ್ರೀತಿಗೆ ಸ್ಟಾರ್ ಕೊಡುವ ಹಾಗಿದ್ದರೆ ಬೇರೆ ಮಾತು.

ಇನ್ನು ಡಾಟ್ ಕಾಫಿ. ಬಿಟ್ಟುಬಿಡೋಣ ಅಂತಲೇ ಹೊರಟಿದ್ದೆ ನಾನು. ಸೈಟಿಗೆ ತಿಂಗಳಿಗೆ ಬರುವವರು ಎಷ್ಟು ಅಂತ ನೋಡಿದೆ, 64 ಜನ. ಆರ್ಡರ್ ಎಲ್ಲ ಬರುವುದು ಫೋನ್‌ನಲ್ಲಿ, ವಾಟ್ಸ್ಆ್ಯಪ್‌ನಲ್ಲಿ. ಆದರೆ ಆ 64ರಲ್ಲಿ ಬಹುತೇಕ ಎಲ್ಲರೂ ನೇರ ಬಂದವರು, ಗೂಗಲ್‌ನಿಂದ ಬಂದವರಲ್ಲ. ಎಲ್ಲಿಂದ ಬರ್ತಾರೆ ಇವರು ಅಂತ ತಲೆ ಕೆರೆದುಕೊಳ್ಳುತ್ತಾ ಅಡುಗೆಮನೆಗೆ ಹೋದರೆ ಉತ್ತರ ಸ್ಟವ್ ಪಕ್ಕದಲ್ಲೇ ಇತ್ತು. ಕಾಲು ಕೆಜಿಯ ಪೌಚ್. ಮುಂದೆ ಹೆಸರು, ಹಿಂದೆ ಕಾಫಿ 80 ಚಿಕೋರಿ 20 ಅಂತ ಬರೆದ ಚೌಕ, ಅದರ ಕೆಳಗೆ ಕ್ಯೂಆರ್ ಕೋಡ್. ಪುಡಿ ಮುಗಿದವರು ಪೌಚ್ ಬಿಸಾಡುವ ಮುಂಚೆ ಅದನ್ನು ಸ್ಕ್ಯಾನ್ ಮಾಡುತ್ತಾರೆ, ಅಲ್ಲಿಂದ ವಾಟ್ಸ್ಆ್ಯಪ್‌ಗೆ ಹೋಗುತ್ತಾರೆ. ಆ ಕೋಡ್‌ನೊಳಗೆ ಇರುವುದು ಡಾಟ್ ಕಾಫಿ ಅಡ್ರೆಸ್. ಹೆಸರು ಬಿಟ್ಟು ಅದನ್ನು ಯಾವನೋ ರಮ್ಮಿ ಜಾಹೀರಾತಿನವನು ತಗೊಂಡ ಅಂತಿಟ್ಟುಕೊಳ್ಳಿ, ಭಾವನ ಗಿರಾಕಿಗಳನ್ನು ಭಾವನ ಪೌಚೇ ಅವನ ಬಾಗಿಲಿಗೆ ಕಳಿಸುತ್ತದೆ.

ಹೊಸ ಪೌಚ್ ಮಾಡಿಸಿದರೆ ಆಯ್ತಲ್ಲ ಅಂದರೆ ಅದೂ ಸುಲಭ ಅಲ್ಲ. ಪ್ರಿಂಟ್‌ನವರು ಬಣ್ಣಕ್ಕೊಂದರಂತೆ ಸಿಲಿಂಡರ್ ಮಾಡಿಸುತ್ತಾರೆ, ಅಕ್ಷರ ಬದಲಾದರೆ ಆ ಬಣ್ಣದ ಸಿಲಿಂಡರ್ ಮತ್ತೆ ಮಾಡಿಸಬೇಕು. ನೂರಾರು ಕೆಜಿ ಇಲ್ಲದೆ ಆರ್ಡರೂ ತಗೊಳ್ಳುವುದಿಲ್ಲ. ಹಳೇ ಆರ್ಡರ್‌ನ ಪ್ರಿಂಟ್ ಆದ ಪೌಚ್ ರೋಲ್ ಮೂರು ಇನ್ನೂ ಅಟ್ಟದಲ್ಲಿದ್ದವು.

ಹೆಸರಿನ ಅವಧಿ ಮುಗಿದುಹೋದರೆ ಏನಾಗುತ್ತದೆ ಅಂತ 2022ರಲ್ಲಿ ಒಂದು ಸಲ ರುಚಿ ನೋಡಿದ್ದೇವೆ. ಆಗ ನನ್ನ ಡೊಮೇನ್ ಅಂಗಡಿ ವಿದೇಶದ್ದು, ಕಾರ್ಡಿಂದ ತಾನಾಗೇ ಕಡಿತ ಆಗುವ ಹಾಗೆ ಬಿಟ್ಟು ಮರೆತಿದ್ದೆ. 2021ರ ಅಕ್ಟೋಬರ್‌ನಿಂದ ಆರ್‌ಬಿಐ ನಿಯಮ ಬದಲಾಗಿ ಇಂಥ ಆಟೋ ಡೆಬಿಟ್‌ಗಳು ಎಷ್ಟೋ ನಿಂತುಹೋದವು, ನನ್ನದೂ ನಿಂತಿತ್ತು. ಅವರು ಕಳಿಸಿದ ಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಮಂಗಳೂರಿನ ಗಿರಾಕಿಯೊಬ್ಬರು ಫೋನ್ ಮಾಡಿ "ನಿಮ್ಮ ಸೈಟಲ್ಲಿ ಎಂಥದೋ ಜಾಹೀರಾತು ಬರ್ತಾ ಉಂಟಲ್ಲ" ಅಂದಾಗಲೇ ಗೊತ್ತಾಗಿದ್ದು. ಅವಧಿ ಮುಗಿದು ನಾಲ್ಕು ದಿನ ಆಗಿತ್ತಷ್ಟೇ, ಮಾಮೂಲಿ ದರದಲ್ಲೇ ಕಟ್ಟಿ ಬಚಾವಾದೆ. ಇಂಥ ಹೆಸರುಗಳಿಗೆ ಅಂಗಡಿಯವರು ಹೆಚ್ಚೆಂದರೆ 45 ದಿನ ಕಾಯುತ್ತಾರೆ, ಕೆಲವರು ಅಷ್ಟೂ ಕಾಯುವುದಿಲ್ಲ. ಆಮೇಲೆ 30 ದಿನ ಬಿಡಿಸಿಕೊಳ್ಳುವ ಅವಧಿ, ಆಗ ದಂಡ ಸೇರಿ ಸಾವಿರಗಟ್ಟಲೆ. ಕೊನೆಗೆ ಐದು ದಿನ ಯಾರೂ ಮುಟ್ಟುವ ಹಾಗಿಲ್ಲ, ಅದು ಮುಗಿದರೆ ಯಾರು ಮೊದಲು ಕೈಹಾಕುತ್ತಾರೋ ಅವರದ್ದು.

ಹಾಗಾಗಿ ಈ ಸಲ ಮಾಡಿದ್ದು ಹೀಗೆ. ಬಿಲ್ ಕಳಿಸಿದ ಅಂಗಡಿಗೆ ದುಡ್ಡು ಕಟ್ಟಲಿಲ್ಲ. ಅದೇ ಡಾಟ್ ಕಾಫಿ ಇನ್ನೊಂದು ಕಡೆ ಟ್ಯಾಕ್ಸ್ ಎಲ್ಲ ಸೇರಿ 2,850ಕ್ಕೆ ಸಿಗುತ್ತಿತ್ತು. ಹಳೇ ಅಂಗಡಿಯಲ್ಲಿ ಹೆಸರಿನ ಲಾಕ್ ತೆಗೆದು, ವರ್ಗಾವಣೆಯ ಕೋಡ್ ತಗೊಂಡು, ಹೊಸ ಅಂಗಡಿಯಲ್ಲಿ ಹಾಕಿದೆ. ವರ್ಗಾವಣೆಗೆ ಕಟ್ಟುವ ದುಡ್ಡಿನಲ್ಲೇ ಒಂದು ವರ್ಷ ಮುಂದಕ್ಕೆ ಹೋಗುತ್ತದೆ, ಬೇರೆ ಖರ್ಚಿಲ್ಲ. ಐದು ದಿನ ಹಿಡಿಯಿತು. ನಡುವೆ ಹಳೇ ಅಂಗಡಿಯಿಂದ "ಹೋಗಬೇಡಿ, 20 ಪರ್ಸೆಂಟ್ ಕಡಿಮೆ ಮಾಡುತ್ತೇವೆ" ಅಂತ ಕೂಪನ್ ಬಂತು. ಇಷ್ಟು ದಿನ ಎಲ್ಲಿಟ್ಟಿದ್ದರೋ ಆ ಕೂಪನ್ನು. ನೀವೂ ಬದಲಾಯಿಸುವುದಾದರೆ ಕೊನೆ ವಾರಕ್ಕೆ ಬಿಡಬೇಡಿ, ತಗೊಂಡ ಅಥವಾ ಒಮ್ಮೆ ಬದಲಾಯಿಸಿದ 60 ದಿನದೊಳಗೆ ಮತ್ತೆ ಕದಲಿಸೋಕೆ ಬಿಡುವುದಿಲ್ಲ ಅನ್ನುವುದೂ ನೆನಪಿರಲಿ.

ಎಷ್ಟು ವರ್ಷಕ್ಕೆ ಕಟ್ಟಬೇಕು ಅನ್ನುವುದನ್ನು ತೀರ್ಮಾನಿಸಿದ್ದು ನಾನಲ್ಲ, ಭಾವ. ಅಟ್ಟ ಹತ್ತಿ ಮೂರೂ ರೋಲ್ ಇಳಿಸಿ ಕಾಫಿ ಮೂಟೆ ತೂಗುವ ತಕ್ಕಡಿ ಮೇಲಿಟ್ಟರು. 60 ಕೆಜಿ. ಕೆಜಿಗೆ ಸುಮಾರು 165 ಪೌಚ್, ತಿಂಗಳಿಗೆ ಹೋಗುವುದು ನಾನೂರು. ಎರಡು ವರ್ಷ ಮೇಲೊಂದು ತಿಂಗಳು. ಕೊನೆಯ ಪೌಚ್ ಯಾರದೋ ಮನೆಯ ಡಬ್ಬದ ಪಕ್ಕದಲ್ಲಿ ಇನ್ನೊಂದಷ್ಟು ತಿಂಗಳು ಬಿದ್ದಿರುತ್ತದೆ ಅಂತ ಸೇರಿಸಿ ಮೂರು ವರ್ಷಕ್ಕೆ 8,550 ಕಟ್ಟಿದೆ. ಹಳೇ ಕಡೆ ಇದೇ 11,820 ಆಗುತ್ತಿತ್ತು. ಜೊತೆಗೆ ಅದೇ ಹೆಸರಿನ ಡಾಟ್ ಇನ್ ಸಿಕ್ಕಿತು, ಈ ಸಲ ರಿನ್ಯೂವಲ್ ದರ ನೋಡಿದ ಮೇಲೇ ತಗೊಂಡೆ. ಮುಂದಿನ ಸಿಲಿಂಡರ್‌ನಲ್ಲಿ ಅದೇ ಬರುತ್ತದೆ.

ಭಾವ ಅದರ ಕೆಳಗೆ ಕನ್ನಡದ್ದನ್ನೂ ಹಾಕಿಸು ಅಂದರು, ಡಾಟ್ ಭಾರತದ್ದು.

"ಅದು ಫೋನಲ್ಲಿ ಒತ್ತಿದ್ರೆ ತೆಗೆಯಲ್ಲ ಭಾವ" ಅಂದೆ.

"ಪೌಚ್ ಮೇಲೆ ಯಾರೋ ಒತ್ತುತ್ತಾರೆ? ಓದ್ಲಿ ಬಿಡು."