‘ಕಾಣೆಯಾಗಿದ್ದಾರೆ’ ಕರಪತ್ರ ಅಚ್ಚು ಮಾಡುವ ಹಾಸನದ ಒಂದು ಅಂಗಡಿ

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಆಸುಪಾಸಿನ ಓಣಿಯೊಂದರಲ್ಲಿ ಹತ್ತಡಿ ಅಗಲದ ಮುದ್ರಣದ ಅಂಗಡಿಯೊಂದಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ವೈಕುಂಠ ಸಮಾರಾಧನೆಯ ಕಾರ್ಡು, ಚುನಾವಣೆ ಬಂದರೆ ಮತಯಾಚನೆಯ ಚೀಟಿ, ಇವು ಅದರ ನಿತ್ಯದ ಕಸುಬು. ಅಂಗಡಿಯ ಹೆಸರು ಬರೆಯಬಾರದೆಂದು ಯಜಮಾನರು ಕೇಳಿಕೊಂಡಿರುವುದರಿಂದ ಬರೆದಿಲ್ಲ. “ಆ ಕೆಲಸಕ್ಕೆ ಜಾಹೀರಾತು ಬೇಡ ಸಾರ್” ಎಂದಿದ್ದಾರೆ. ಆ ಕೆಲಸವೆಂದರೆ ಕಾಣೆಯಾದವರ ಕರಪತ್ರ. ಆರು ವರ್ಷಗಳಲ್ಲಿ ನಮ್ಮ ಮನೆಯವರು ಅಲ್ಲಿ ಏಳು ಸಲ ಅಚ್ಚು ಹಾಕಿಸಿದ್ದೇವೆ. ಇಂಥ ಅಗತ್ಯ ಯಾರಿಗೂ ಬರದಿರಲಿ. ಬಂದವರಿಗೆ ಎಲ್ಲಿಗೆ ಹೋಗಬೇಕು, ಹೋದಾಗ ಏನು ಕೇಳಬೇಕು ಎಂಬುದು ತಿಳಿದಿರಲೆಂದು ಈ ವಿಮರ್ಶೆ ಬರೆಯುತ್ತಿದ್ದೇನೆ.

2019ರ ಅಕ್ಟೋಬರ್‌ನಲ್ಲಿ, ಹಾಸನಾಂಬೆಯ ಗುಡಿಯ ಬಾಗಿಲು ತೆರೆದಿದ್ದ ದಿನಗಳಲ್ಲಿ, ಆಲೂರು ತಾಲ್ಲೂಕಿನ ನಮ್ಮೂರಿನಿಂದ ಚಿಕ್ಕಪ್ಪ ಮತ್ತು ಚಿಕ್ಕಮ್ಮ ದರ್ಶನಕ್ಕೆ ಬಂದಿದ್ದರು. ಧರ್ಮದರ್ಶನದ ಸರತಿಯಲ್ಲಿ ಎರಡು ಗಂಟೆ ನಿಂತ ಮೇಲೆ ಚಿಕ್ಕಪ್ಪ, ಒಂದು ಲೋಟ ಕಾಫಿ ಕುಡಿದು ಬರುತ್ತೇನೆಂದು ಹಗ್ಗದಡಿ ಬಗ್ಗಿ ಹೊರಗೆ ಹೋದರು. ಅವರ ಮೊಬೈಲು ಚಿಕ್ಕಮ್ಮನ ಚೀಲದಲ್ಲೇ ಇತ್ತು. ಆಗ ಅವರಿಗೆ 58 ವರ್ಷ. ಸಾಲವಿರಲಿಲ್ಲ, ಜಗಳವಿರಲಿಲ್ಲ, ಮರೆವಿನ ಕಾಯಿಲೆಯೂ ಇರಲಿಲ್ಲ. ಅದೇ ರಾತ್ರಿ ಠಾಣೆಯಲ್ಲಿ ‘ಮನುಷ್ಯ ಕಾಣೆ’ ಪ್ರಕರಣ ದಾಖಲಾಯಿತು. 24 ಗಂಟೆ ಕಾದ ಮೇಲೆಯೇ ದೂರು ಕೊಡಬೇಕೆಂದು ನೆಂಟರಲ್ಲಿ ಇಬ್ಬರು ವಾದಿಸಿದರು. ಕಾನೂನಿನಲ್ಲಿ ಅಂಥ ನಿಯಮವೇ ಇಲ್ಲ, ಆ ಮಾತನ್ನು ಕೇಳಿ ಕುಳಿತವರು ಕಳೆದುಕೊಳ್ಳುವುದು ಎಲ್ಲಕ್ಕಿಂತ ಬೆಲೆಯುಳ್ಳ ಮೊದಲ ದಿನವನ್ನೇ.

ಮರುದಿನ ನಾವು ಮೊದಲು ಹೋದದ್ದು ಬೇರೊಂದು ಅಂಗಡಿಗೆ. ಅಲ್ಲಿನ ಹುಡುಗ ಐದೇ ನಿಮಿಷದಲ್ಲಿ ಬ್ಯಾನರ್ ಸಿದ್ಧಪಡಿಸಿ ತೋರಿಸಿದ. ಹುಟ್ಟುಹಬ್ಬದ ಶುಭಾಶಯಕ್ಕೆ ಬಳಸುವ ಗುಲಾಬಿ ಹೂವಿನ ಅಂಚಿನ ನಡುವೆ ಚಿಕ್ಕಪ್ಪನ ಮುಖ, ಕೆಳಗೆ ಅಳಿಸಲು ಮರೆತ ‘ಶುಭ ಕೋರುವವರು’ ಎಂಬ ಸಾಲು. ಅವನದು ತಪ್ಪೆನ್ನಲಾರೆ, ಅವನಿಗೆ ದಿನವೂ ಬರುವ ಕೆಲಸ ಅದು. ಚಿಕ್ಕಮ್ಮ ಮಾತ್ರ ಆ ಪರದೆಯನ್ನು ನೋಡಿದವರೇ ಮೆಟ್ಟಿಲಿಳಿದು ಹೊರಟುಬಿಟ್ಟರು. ಬಸ್ ನಿಲ್ದಾಣದಲ್ಲಿ ಒಬ್ಬ ಕಂಡಕ್ಟರು ಈ ಓಣಿಯ ಅಂಗಡಿಯನ್ನು ಹೇಳಿ ಕಳಿಸಿದರು.

ಯಜಮಾನರು ಅಚ್ಚುಮೊಳೆ ಜೋಡಿಸುವ ಕಾಲದಿಂದ ಈ ಕಸುಬಿನಲ್ಲಿರುವವರು. ಅವರು ಕಂಪ್ಯೂಟರನ್ನು ಮುಟ್ಟುವ ಮೊದಲು ಬೆಂಚಿನ ಮೇಲೆ ಕೂರಿಸಿ, ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು. ಪತ್ರಿಕೆಗಳಲ್ಲಿ ಬರುವ ಪೊಲೀಸ್ ಪ್ರಕಟಣೆಯ ಮಾದರಿಯಲ್ಲಿ ನಾನು ಒಂದು ಹಾಳೆ ಬರೆದುಕೊಂಡು ಹೋಗಿದ್ದೆ: ಎತ್ತರ 5.5 ಅಡಿ, ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾರೆ. ಅವರು ಅದನ್ನು ಓದಿ, ಬಾಗಿಲ ಕಡೆ ಕೈ ತೋರಿಸಿ, “ಈ ಓಣಿಯಲ್ಲೇ ಇಂಥವರು ಹತ್ತು ಜನ ಸಿಗ್ತಾರಲ್ಲ ಸಾರ್” ಎಂದರು. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ ಕೇಳತೊಡಗಿದರು. ನಡೆಯುವಾಗ ಯಾವ ಕಾಲು ಮೊದಲು ಎಳೆಯುತ್ತದೆ? ಕೂತಾಗ ಕೈ ಎಲ್ಲಿರುತ್ತದೆ? ಬೀಡಿಯೋ, ಎಲೆಅಡಿಕೆಯೋ? ಪರಊರಿನವರ ಹತ್ತಿರ ಮಾತಾಡುವಾಗ ಮೊದಲು ಬರುವ ಶಬ್ದ ಯಾವುದು? ಚಿಕ್ಕಮ್ಮ ಅಲ್ಲಿಯವರೆಗೆ ಠಾಣೆಯಲ್ಲೂ ಮನೆಯಲ್ಲೂ ಅಳುವುದಷ್ಟನ್ನೇ ಮಾಡಿದ್ದರು. ಈ ಪ್ರಶ್ನೆಗಳಿಗೆ ಒಂದೊಂದಾಗಿ, ನಡುವೆ ಒಮ್ಮೆ ನಕ್ಕು ಕೂಡ, ಉತ್ತರ ಕೊಟ್ಟರು. ಕೊನೆಗೆ ಅಚ್ಚಾದ ಕರಪತ್ರದಲ್ಲಿ ‘ಸಾಧಾರಣ ಮೈಕಟ್ಟು’ ಇರಲಿಲ್ಲ. ‘ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಸೀಳಿದೆ, ಕೊಡೆಯನ್ನು ಬೆನ್ನ ಹಿಂದೆ ಅಡ್ಡ ಹಿಡಿದು ನಡೆಯುತ್ತಾರೆ, ಎಲ್ಲರನ್ನೂ “ಮಾರಾಯ” ಎನ್ನುತ್ತಾರೆ’ ಎಂದಿತ್ತು. ಆ ಹಾಳೆಯನ್ನು ಓದಿದವರಿಗೆ ಒಬ್ಬ ಮನುಷ್ಯ ಕಾಣುತ್ತಿದ್ದ.

ಇನ್ನೊಂದು ವಿಷಯವನ್ನು ಅವರು ಅಷ್ಟೇ ಬಿಗಿಯಾಗಿ ಹೇಳಿದರು. ದೇಹದ ಮೇಲಿನ ಒಂದು ಗುರುತನ್ನು ಮನೆಯವರು ತಮ್ಮಲ್ಲೇ ಇಟ್ಟುಕೊಳ್ಳಬೇಕು, ಅಚ್ಚು ಮಾಡಬಾರದು. ಕಾರಣ ಮೂರನೆಯ ವಾರಕ್ಕೆ ತಿಳಿಯಿತು. ನಿಮ್ಮವರು ಇಂಥ ಆಸ್ಪತ್ರೆಯಲ್ಲಿದ್ದಾರೆ, ಔಷಧಿಗೆ ತಕ್ಷಣ ಎಂಟು ಸಾವಿರ ರೂಪಾಯಿಯನ್ನು ಮೊಬೈಲಿನಲ್ಲೇ ಕಳಿಸಿ ಎಂದು ಒಬ್ಬ ಕರೆ ಮಾಡಿದ. ಕರಪತ್ರದಲ್ಲಿದ್ದ ಹೆಬ್ಬೆರಳನ್ನು ಅವನು ಸರಿಯಾಗಿಯೇ ವರ್ಣಿಸಿದ. ಅಚ್ಚಾಗದ ಗುರುತನ್ನು ಕೇಳಿದ ಕೂಡಲೇ ಫೋನು ಇಟ್ಟುಬಿಟ್ಟ. ಅಂಥ ಕರೆಗಳು ಈವರೆಗೆ ನಾಲ್ಕು ಬಂದಿವೆ. ಆ ಗುರುತನ್ನು ಇಲ್ಲಿಯೂ ಬರೆಯುವುದಿಲ್ಲ.

‘ಸೂಕ್ತ ಬಹುಮಾನ ನೀಡಲಾಗುವುದು’ ಎಂಬ ಸಾಲನ್ನು ಅವರು ಹಾಕುವುದಿಲ್ಲ, ಬೇಕೇ ಬೇಕೆಂದರೆ ಬೇರೆ ಅಂಗಡಿ ನೋಡಿಕೊಳ್ಳಿ ಎನ್ನುತ್ತಾರೆ. ಬಹುಮಾನವಿದ್ದಲ್ಲಿ ಮೋಸದ ಕರೆ ಹೆಚ್ಚು ಎಂಬುದು ಅವರ ಅನುಭವ. ಮನೆಯ ಎರಡು ಸಂಖ್ಯೆಗಳ ಜೊತೆಗೆ ಠಾಣೆಯ ಸಂಖ್ಯೆ ಮತ್ತು 112 ಇರಲೇಬೇಕು. ಹಾಳೆಯ ತಲೆಯಲ್ಲಿ ದಿನಾಂಕವಿರಬೇಕು. ಈ ದಿನಾಂಕದ ಹಟ ನನಗೆ ಮೊದಲು ಅರ್ಥವಾಗಿರಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಕಾಣೆಯಾದ ಮಕ್ಕಳ ಚಿತ್ರಗಳಲ್ಲಿ ದಿನಾಂಕವಿರುವುದಿಲ್ಲ. ಮಗು ಮನೆ ಸೇರಿ, ಬೆಳೆದು, ಕಾಲೇಜಿಗೆ ಹೋಗುವ ವಯಸ್ಸಾದರೂ ಚಿತ್ರ ಸುತ್ತುತ್ತಲೇ ಇರುತ್ತದೆ, ಹೀಗಾಗಿ ನಿಜವಾದದ್ದನ್ನೂ ಜನ ನಂಬುವುದಿಲ್ಲ. ಯಾರಾದರೂ ಸಿಕ್ಕಿದರೆ ‘ಸಿಕ್ಕಿದ್ದಾರೆ, ದಯವಿಟ್ಟು ಇನ್ನು ಹಂಚಬೇಡಿ’ ಎಂಬ ಚಿತ್ರವನ್ನು ಅಂಗಡಿಯವರು ಉಚಿತವಾಗಿ ಮಾಡಿಕೊಡುತ್ತಾರೆ. ಅಂಥದ್ದನ್ನು ಮಾಡಿಸಿಕೊಂಡು ಹೋಗುತ್ತಿದ್ದ ತಂದೆ ಮಗನನ್ನು ನಾನೊಮ್ಮೆ ಅಲ್ಲಿ ನೋಡಿದ್ದೇನೆ. ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಠಾಣೆಯ ಪ್ರತಿ ಇಲ್ಲದೆ ಅವರು ಅಚ್ಚಿಗೆ ಕೈ ಹಾಕುವುದಿಲ್ಲ. ದೂರು ಕೊಟ್ಟವರಿಗೆ ಎಫ್‌ಐಆರ್‌ನ ಪ್ರತಿಯನ್ನು ಶುಲ್ಕವಿಲ್ಲದೆ ಕೊಡಬೇಕೆಂದು ಕಾನೂನೇ ಹೇಳುವುದರಿಂದ ಇದು ಗ್ರಾಹಕರಿಗೆ ಹೊರೆಯೇನಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಒಬ್ಬರು ಠಾಣೆಗೆ ಓಡುವಾಗಲೇ ಇವರು ಇಲ್ಲಿ ಅಕ್ಷರ ಜೋಡಿಸಲು ಕೂರುತ್ತಾರೆ. ಮಗು ಕಾಣೆಯಾದರೆ ಅಪಹರಣವೆಂದೇ ಭಾವಿಸಿ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿಯೇ ಹೇಳಿದೆ, ಮಕ್ಕಳ ಸಹಾಯವಾಣಿ 1098 ಎಂಬ ಚೀಟಿ ಅವರ ಗೋಡೆಯ ಮೇಲಿದೆ. ಈ ಪ್ರತಿಯ ನಿಯಮ ಯಾಕೆಂದು ಕೇಳಿದಾಗ ಅವರು ನೇರವಾಗಿ ಉತ್ತರಿಸಲಿಲ್ಲ. ಅದರ ಬದಲು ಹಿಂದೊಮ್ಮೆ ನಡೆದದ್ದನ್ನು ಹೇಳಿದರು. ಒಂದು ಕುಟುಂಬದವರು ಬಂದು, ಮಗಳು ಕಾಣೆಯಾಗಿದ್ದಾಳೆಂದು ಫೋಟೋ ಕೊಟ್ಟು ಎರಡು ಸಾವಿರ ಪ್ರತಿ ಕೇಳಿದರಂತೆ. ಹುಡುಗಿ ವಯಸ್ಕಳಾಗಿದ್ದಳು, ಇಷ್ಟಪಟ್ಟವನೊಡನೆ ಮದುವೆಯಾಗಿ ಬೇರೆ ಜಿಲ್ಲೆಯಲ್ಲಿದ್ದಳು, ತಾನು ಸುರಕ್ಷಿತವಾಗಿದ್ದೇನೆಂದು ಠಾಣೆಗೆ ಹೇಳಿಕೆಯನ್ನೂ ಕೊಟ್ಟಿದ್ದಳು. “ಹುಡುಕೋರಿಗೂ ಬೇಟೆ ಆಡೋರಿಗೂ ಹಾಳೆ ಒಂದೇ ಥರ ಇರ್ತದೆ ಸಾರ್” ಎಂದಷ್ಟೇ ಹೇಳಿ ಮಾತು ಬದಲಿಸಿದರು.

ಕಾಗದ ಮತ್ತು ಬೆಲೆಯ ವಿಷಯಕ್ಕೆ ಬರುತ್ತೇನೆ. ಕಪ್ಪುಬಿಳುಪಿನ ಸಣ್ಣ ಕರಪತ್ರ ಸಾವಿರಕ್ಕೆ ನಾವು ಮೊದಲ ಸಲ ಕೊಟ್ಟದ್ದು 700 ರೂಪಾಯಿ, ಈ ವರ್ಷ 1,100. ಬಣ್ಣದ ದೊಡ್ಡ ಹಾಳೆಗೆ ತಲಾ ಹತ್ತು ರೂಪಾಯಿ; ಅದು ನೂರಿದ್ದರೆ ಸಾಕು, ಉಳಿದದ್ದು ಕಪ್ಪುಬಿಳುಪೇ ಇರಲಿ ಎಂದು ಅವರೇ ಹೇಳಿ ಖರ್ಚು ತಗ್ಗಿಸಿದರು. ಮೈದಾ ಅಂಟು ಬಳಸಬೇಡಿ ಎಂಬ ಸಲಹೆಯೂ ಅವರದೇ. ನಾವು ಆ ಮಾತು ಕೇಳಲಿಲ್ಲ, ಸಕಲೇಶಪುರದ ರೈಲು ನಿಲ್ದಾಣದ ಹೊರಗೆ ಅಂಟಿಸಿದ ಇಪ್ಪತ್ತು ಹಾಳೆಗಳಲ್ಲಿ ಹನ್ನೊಂದನ್ನು ಸಂಜೆಯೊಳಗೆ ಮೇಕೆಗಳು ಗೋಡೆಯಿಂದ ಕಿತ್ತು ತಿಂದಿದ್ದವು. ಮಲೆನಾಡಿನ ಮಳೆಗೆ ಲ್ಯಾಮಿನೇಶನ್ ಮಾಡಿಸಿ ದಾರದಿಂದ ಕಟ್ಟುವುದೇ ಸರಿ. ಎಲ್ಲಿ ಹಂಚಬೇಕೆಂಬ ಪಟ್ಟಿಯನ್ನೂ ಬಾಯಲ್ಲೇ ಕೊಟ್ಟರು. ಮನೆ ಬಿಟ್ಟವರು ಮೊದಲು ಸೇರುವುದು ಅನ್ನ ಸಿಗುವ ಕಡೆ, ಆದ್ದರಿಂದ ಹೊರನಾಡು, ಸುಬ್ರಹ್ಮಣ್ಯ, ಆದಿಚುಂಚನಗಿರಿ, ಸಿದ್ಧಗಂಗೆ. ಹಾಸನದಿಂದ ರೈಲು ಹತ್ತಿದವರು ದಿಕ್ಕು ಬದಲಿಸುವುದು ಅರಸೀಕೆರೆ ಜಂಕ್ಷನ್‌ನಲ್ಲಿ, ಆದ್ದರಿಂದ ಅಲ್ಲಿನ ಚಹಾದ ಅಂಗಡಿಗಳು. ಆಮೇಲೆ ಮೂಡಿಗೆರೆ, ಬೇಲೂರು ಕಡೆಯ ಕಾಫಿ ತೋಟಗಳ ಲೈನ್ ಮನೆಗಳು. ಅಲ್ಲಿ ಹೊರರಾಜ್ಯದ ಕೂಲಿಯವರು ಇರುತ್ತಾರೆಂದು ಹಿಂದಿ, ತಮಿಳಿನಲ್ಲಿಯೂ ನಾಲ್ಕು ಸಾಲು ಸೇರಿಸಿದರು. ಅದಕ್ಕೆ ಬೇರೆ ಹಣ ಕೇಳಲಿಲ್ಲ.

ಕುಂದುಗಳಿಲ್ಲದ ಅಂಗಡಿಯೇನಲ್ಲ. ಎರಡನೆಯ ಸಲ ನಾನು ಮೊಬೈಲಿನಿಂದ ಕಳಿಸಿದ ಯೂನಿಕೋಡ್ ಬರಹವನ್ನು ಅವರು ಬಳಸುವ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಪರಿವರ್ತಿಸುವಾಗ ಒತ್ತಕ್ಷರಗಳು ಚದುರಿಹೋಗಿ, ಊರಿನ ಹೆಸರೇ ಓದಲಾಗದಂತೆ ಅಚ್ಚಾಯಿತು. ಅಷ್ಟನ್ನೂ ಹಣವಿಲ್ಲದೆ ಮತ್ತೆ ಮಾಡಿಕೊಟ್ಟರು, ನಿಜ. ಆದರೆ ಎರಡು ದಿನ ಹೋಯಿತು, ಈ ಕೆಲಸದಲ್ಲಿ ಎರಡು ದಿನ ಸಣ್ಣದಲ್ಲ. ಕರಡನ್ನು ತಾವೇ ಓದಿ ಸಹಿ ಹಾಕಿ, ದೂರವಾಣಿ ಸಂಖ್ಯೆಗಳನ್ನು ಹಿಂದಿನಿಂದ ಮುಂದಕ್ಕೂ ಓದಿ. ಫೋಟೋವನ್ನು ಹಿಗ್ಗಿಸುವಾಗ ಮುಖ ಕಪ್ಪಾಗುತ್ತದೆ. ಮದುವೆಯ ಗುಂಪಿನ ಚಿತ್ರ ಕೊಡಬೇಡಿ, ಪಡಿತರ ಚೀಟಿಗೆಂದು ತೆಗೆಸಿದ್ದಾದರೂ ಸರಿ, ಒಬ್ಬರೇ ಇರುವುದನ್ನು ಕೊಡಿ. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಬಾಗಿಲು ಹಾಕಿರುತ್ತದೆ, ಫೋನೂ ಎತ್ತುವುದಿಲ್ಲ. ಬೈಕು ನಿಲ್ಲಿಸಲು ಜಾಗವಿಲ್ಲ.

ಆದರೂ ಹೊರಗಿನವರಿಗೆ ಕಾಣದ ಒಂದು ಉಪಕಾರ ಅವರ ಬಿಲ್ಲಿನಲ್ಲಿದೆ. ಪ್ರತಿ ಬಿಲ್ಲಿನ ಮೇಲೆ ದಿನಾಂಕ, ಪ್ರತಿಗಳ ಸಂಖ್ಯೆ, ‘ಕಾಣೆ ಪ್ರಕಟಣೆ’ ಎಂಬ ವಿವರ ಬರೆದು, ಅಚ್ಚಾದ ಒಂದು ಹಾಳೆಯನ್ನು ಪಿನ್ ಹೊಡೆದು ಕೊಡುತ್ತಾರೆ. ಹೊಲ ಇನ್ನೂ ಚಿಕ್ಕಪ್ಪನ ಹೆಸರಿನಲ್ಲೇ ಇದೆ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಮರಣ ಪತ್ರ ಬೇಕು. ಸತ್ತಿದ್ದಾರೆಂದು ಹೇಳಲು ಯಾರ ಬಳಿಯೂ ಏನೂ ಇಲ್ಲ. ಬದುಕಿದ್ದರೆ ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಯಾವ ಸುದ್ದಿಯೂ ಇಲ್ಲದಿದ್ದರೆ, ಬದುಕಿದ್ದಾರೆ ಎನ್ನುವವರೇ ಅದನ್ನು ಸಾಬೀತುಪಡಿಸಬೇಕೆಂದು ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಂ, ಅಂದರೆ ಹಳೆಯ ಕಾಯ್ದೆಯ 108ನೇ ಕಲಂ, ಹೇಳುತ್ತದೆ. ಆದರೆ ಅದು ತಾನಾಗಿಯೇ ಆಗುವುದಲ್ಲ, ನ್ಯಾಯಾಲಯಕ್ಕೆ ಹೋಗಬೇಕು. ಯಾವ ದಿನ ಸತ್ತರು ಎಂಬುದನ್ನೂ ಆ ಕಲಂ ಹೇಳುವುದಿಲ್ಲ. ಹುಡುಕಿದ್ದಕ್ಕೆ ಏನು ದಾಖಲೆಯಿದೆ ಎಂದು ವಕೀಲರು ಕೇಳಿದಾಗ ಚಿಕ್ಕಮ್ಮ ಟ್ರಂಕಿನಿಂದ ತೆಗೆದದ್ದು ಎಫ್‌ಐಆರ್ ಪ್ರತಿ ಮತ್ತು ಈ ಬಿಲ್ಲುಗಳನ್ನು.

ಏಳು ವರ್ಷ ತುಂಬುವುದು 2026ರ ಅಕ್ಟೋಬರ್‌ಗೆ. ಈ ಸಲ ಗುಡಿಯ ಬಾಗಿಲು ತೆರೆಯುವ ವಾರದ ಮೊದಲು ಎಂದಿನಂತೆ ಅಂಗಡಿಗೆ ಹೋದೆವು. ಯಜಮಾನರು ನಮ್ಮ ಮುಖ ನೋಡಿದವರೇ, ಹೆಸರು ಕೇಳದೆ, ಕಂಪ್ಯೂಟರಿನಲ್ಲಿ ‘ಕಾಣೆ’ ಎಂಬ ಕಡತ ತೆರೆದರು. ಸಾಲಾಗಿ ಹೆಸರುಗಳಿದ್ದವು, ಕೆಲವುಗಳ ಮುಂದೆ ‘ಸಿಕ್ಕಿದೆ’ ಎಂದಿತ್ತು. ಚಿಕ್ಕಪ್ಪನ ಹಾಳೆ ತೆರೆದು, ವಯಸ್ಸಿನ ಸಾಲಿನ ಮೇಲೆ ಬೆರಳಿಟ್ಟು, “ಇದನ್ನ 64 ಮಾಡೋದಾ ಅಮ್ಮ, ಹಾಗೇ ಬಿಡೋದಾ?” ಎಂದು ಕೇಳಿದರು. ಚಿಕ್ಕಮ್ಮ ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಿದ್ದು, “58 ಇರ್ಲಿ. ಪಕ್ಕದಲ್ಲಿ ‘ಹೋದಾಗ’ ಅಂತ ಹಾಕಿ” ಎಂದರು. ಸಾವಿರ ಪ್ರತಿ ಸಂಜೆಗೆ ಸಿದ್ಧವಾಯಿತು. ಅಂಗಡಿಗೆ ಭಾನುವಾರ ರಜೆ. ಹಾಸನಾಂಬೆಯ ದರ್ಶನ ನಡೆಯುವಷ್ಟು ದಿನ ಭಾನುವಾರವೂ ತೆರೆದಿರುತ್ತದೆ.